ಬೇಟೆಗೆ ದಾರಿ ತೋರುವುದೂ ಕಾಯಕವೇ?

ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂಬ ಮಾತನ್ನು ಶರಣಧರ್ಮದ ಪರಿಚಯವುಳ್ಳ ಯಾರೂ ಅಲ್ಲಗಳೆಯಲಾರರು. ಚರ್ಮ ಹದ ಮಾಡುವವರು, ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ಹಗ್ಗ ಹೊಸೆಯುವವರು, ದನ ಕಾಯುವವರು, ಸೌದೆ ಮಾರುವವರು ಎಲ್ಲರೂ ಕಲ್ಯಾಣದ ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತರು. ಆದರೆ ಈ ಸಮಾನತೆಯ ಬೆನ್ನು ಹತ್ತಿ ಮತ್ತೊಂದು ವಾದ ನುಸುಳಿ ಬರುವುದುಂಟು. ಎಲ್ಲ ಕಾಯಕವೂ ಸಮವಾದ ಮೇಲೆ ಬೇಟೆಗಾರರಿಗೆ ಕಾಡಿನ ದಾರಿ ತೋರುವುದೂ ಒಂದು ಕಾಯಕವೇ ತಾನೇ, ಅದಕ್ಕೆ ತರಬೇತಿ ಪಡೆದು ಅನ್ನ ಸಂಪಾದಿಸಿದರೆ ತಪ್ಪೇನು, ಬೇಡರ ಕಣ್ಣಪ್ಪನೇ ಬೇಟೆಗಾರನಲ್ಲವೇ ಎಂಬುದು ಆ ವಾದ.

ಈ ಪ್ರಶ್ನೆ ಹುಟ್ಟುವ ಮನೆಗಳು ಯಾವುವೆಂಬುದನ್ನು ಊಹಿಸುವುದು ಕಷ್ಟವಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓದು ಮುಗಿಸಿದ ಹುಡುಗನ ಮುಂದಿರುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವುದು ಒಂದು. ನರಸಾಪುರದ ಕೈಗಾರಿಕಾ ಪ್ರದೇಶದ ಹೋಂಡಾ ಕಾರ್ಖಾನೆಯಲ್ಲೋ, 2023ರಲ್ಲಿ ಟಾಟಾ ಸಂಸ್ಥೆಯ ವಶಕ್ಕೆ ಬಂದ ಐಫೋನ್ ಜೋಡಣೆಯ ಕಾರ್ಖಾನೆಯಲ್ಲೋ ಪಾಳಿಯ ಕೆಲಸಕ್ಕೆ ಸೇರುವುದು ಇನ್ನೊಂದು. ಉಳಿದದ್ದು ಹಸು, ರೇಷ್ಮೆ, ಟೊಮೆಟೊ, ಮಾವು. ಇವಾವುದರಲ್ಲೂ ಮನಸ್ಸು ನಿಲ್ಲದೆ ಅಂತರಗಂಗೆಯ ಬಂಡೆಗಳನ್ನೋ ಆವಣಿಯ ಬೆಟ್ಟವನ್ನೋ ಹತ್ತಿಳಿಯುತ್ತ ಕಾಡಿನ ಹುಚ್ಚು ಹತ್ತಿಸಿಕೊಂಡ ಹುಡುಗನೊಬ್ಬ ಮನೆಯಲ್ಲಿದ್ದರೆ, ಅವನ ಕಣ್ಣಿಗೆ ಬಂದೂಕು, ಜೀಪು, ದೂರದರ್ಶಕಗಳ ಚಿತ್ರವಿರುವ ತರಬೇತಿಯ ಜಾಹೀರಾತು ಬೀಳದೆ ಇರದು. ಹಾಗೆ ಬಿದ್ದಾಗ ತಂದೆ ಮಾವಿನ ಫಸಲಿನ ಮುಂಗಡ ಹಣವನ್ನು ಅದಕ್ಕೆ ಕೊಡಬೇಕೇ ಬೇಡವೇ ಎಂಬುದು ಆ ಮನೆಯ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಬೇಟೆಯ ಮಾರ್ಗದರ್ಶಿಯಾಗಲು ಕಲಿಯುವುದಕ್ಕೆ ಒಂದು ರೂಪಾಯಿಯನ್ನೂ ಕೊಡತಕ್ಕದ್ದಲ್ಲ. ಆದರೆ ಆ ಹಳೆಯ ವೃತ್ತಿಯ ಒಳಗೆ ಅಡಗಿದ್ದ ಒಂದು ವಿದ್ಯೆ ಇದೆ; ಅದನ್ನು ಕಲಿಯದೆ ಬಿಡತಕ್ಕದ್ದೂ ಅಲ್ಲ. ಈ ಎರಡನ್ನೂ ಕಲಸಿಬಿಡುವುದರಿಂದಲೇ ಇಷ್ಟೆಲ್ಲ ಗೊಂದಲ.

ಮೊದಲು ಕಾಯಕದ ಮಾತು. ದುಡಿದದ್ದೆಲ್ಲವೂ ಕಾಯಕವೆಂದು ಶರಣರು ಎಲ್ಲಿಯೂ ಒಪ್ಪಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಪ್ರಸಂಗ ಪ್ರಸಿದ್ಧವಾದುದು. ಮಾರಯ್ಯನವರು ಕದ್ದಿರಲಿಲ್ಲ, ಬೇಡಿರಲಿಲ್ಲ, ಬಾಗಿ ಬೆವರು ಸುರಿಸಿಯೇ ಆಯ್ದಿದ್ದರು. ಆದರೂ ಅದು ಸಲ್ಲಲಿಲ್ಲ. ಹೆಂಡದ ಮಾರಯ್ಯನವರ ಕಥೆ ಇನ್ನೂ ವಿಚಿತ್ರ: ಹೆಂಡ ಮಾರುತ್ತಲೇ ಕುಡಿಯಲು ಬಂದವರಿಗೆ ಕುಡಿತ ಬಿಡುವಂತೆ ತಿಳಿಹೇಳುತ್ತಿದ್ದರೆಂದು ಪರಂಪರೆ ನೆನೆಯುತ್ತದೆ. ವೃತ್ತಿಯ ಹೆಸರು ಏನೇ ಇರಲಿ, ಅದರಿಂದ ಎದುರಿನ ಜೀವಕ್ಕೆ ಆಗುವುದೇನು ಎಂಬ ಲೆಕ್ಕವನ್ನು ಶರಣರು ಬಿಡಲಿಲ್ಲವೆಂಬುದು ಇಲ್ಲಿಯ ತಿರುಳು. ಧರ್ಮದ ಬುಡಕ್ಕೆ ಬಸವಣ್ಣನವರು ಇಟ್ಟ ಕಲ್ಲು ದಯೆ. ಆ ಕಲ್ಲನ್ನು ಕಿತ್ತೆಸೆದು ಅದರ ಮೇಲಿನ ಗೋಡೆಗೆ ಕಾಯಕವೆಂದು ಹೆಸರು ಬರೆದರೆ ಆ ಗೋಡೆ ಎಷ್ಟು ದಿನ ನಿಂತೀತು?

ಕಣ್ಣಪ್ಪನ ಹೆಸರನ್ನು ಎಳೆದು ತರುವವರಿಗೆ ಒಂದೇ ಮಾತು ಸಾಕು. ಶ್ರೀಕಾಳಹಸ್ತಿ ಮುಳಬಾಗಿಲಿಗೆ ದೂರದ ಊರಲ್ಲ. ಹರಿಹರ ಕವಿ ಕಣ್ಣಪ್ಪನ ಮೇಲೆ ರಗಳೆ ಬರೆದದ್ದೂ, 1954ರಲ್ಲಿ ತೆರೆಗೆ ಬಂದ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರ್ ನಾಯಕನಟರಾದದ್ದೂ ಎಲ್ಲರಿಗೂ ತಿಳಿದದ್ದೇ. ಆ ಕಥೆ ಕೇಳಿದ ಯಾವ ಮಗುವನ್ನಾದರೂ ಕರೆದು ಕಣ್ಣಪ್ಪ ಏನು ಮಾಡಿದನೆಂದು ಕೇಳಿ ನೋಡಲಿ. ಕಣ್ಣು ಕೊಟ್ಟನೆನ್ನುತ್ತದೆ. ಎಷ್ಟು ಹಂದಿ ಹೊಡೆದನೆಂದು ಯಾವ ಮಗುವೂ ಲೆಕ್ಕ ಹೇಳುವುದಿಲ್ಲ. ಅಷ್ಟಕ್ಕೂ ಕಣ್ಣಪ್ಪ ತನ್ನ ಹಸಿವಿಗೂ ತನ್ನ ದೇವರಿಗೂ ಬೇಟೆಯಾಡಿದವನು. ಪಟ್ಟಣದಿಂದ ಜೀಪಿನಲ್ಲಿ ಬಂದ ಧನಿಕನ ಮನರಂಜನೆಗೆ ಪೊದೆ ಬಡಿದವನಲ್ಲ.

ಇನ್ನು ಕಾನೂನು. ಇದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲದಿದ್ದರೂ ಸಂದೇಹ ಹುಟ್ಟಿಸುವವರಿದ್ದಾರೆ. ಹುಲಿ ಬೇಟೆ ದೇಶದಾದ್ಯಂತ ನಿಂತದ್ದು 1970ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅಂದಿನ ಕಾಯ್ದೆಯಲ್ಲಿ ಉಳಿದಿದ್ದ ಪರವಾನಗಿಯ ಕಿಂಡಿಗಳೂ 1991ರ ತಿದ್ದುಪಡಿಯಲ್ಲಿ ಮುಚ್ಚಿದವು. ಇದಕ್ಕಿಂತ ಮುಖ್ಯವಾದದ್ದು, ಆ ಕಾಯ್ದೆಯಲ್ಲಿ ಬೇಟೆಯೆಂದರೆ ಗುಂಡು ಹಾರಿಸುವುದಷ್ಟೇ ಅಲ್ಲ. ಪ್ರಾಣಿಯನ್ನು ಅಟ್ಟುವುದು, ಆಮಿಷವೊಡ್ಡುವುದು, ಉರುಳು ಹಾಕುವುದು, ಬಲೆ ಬೀಸುವುದು, ಇವುಗಳಿಗೆ ಯತ್ನಿಸುವುದು ಕೂಡ ಬೇಟೆಯೇ. ಹಾಗಾದರೆ ಬೇಟೆಯ ಮಾರ್ಗದರ್ಶಿ ಮಾಡುವ ಕೆಲಸವಾದರೂ ಯಾವುದು? ಅಟ್ಟುವುದು, ಆಮಿಷ ಕಟ್ಟುವುದು, ಹೆಜ್ಜೆ ಹಿಡಿದು ಮೃಗದ ಬಳಿ ತಂದು ನಿಲ್ಲಿಸುವುದು. ಬಂದೂಕು ಹಿಡಿದವನು ಬೇರೆ, ತಾನು ಬರಿಯ ದಾರಿ ತೋರಿದವನು ಎಂದು ನ್ಯಾಯಾಲಯದಲ್ಲಿ ಕೈಮುಗಿದರೆ ನಡೆಯದು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಸೆರೆವಾಸ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ.

ಹಾಗಾದರೆ ಬೆಳೆ ತಿನ್ನುವ ಕಾಡುಹಂದಿಯನ್ನು ಹೊಡೆಯಲು ಸರ್ಕಾರವೇ ಅನುಮತಿ ಕೊಡುವುದಿಲ್ಲವೇ ಎಂದು ಕೇಳುವವರುಂಟು. ಕೊಡುವುದುಂಟು. ಕೇರಳ ಸರ್ಕಾರ 2022ರಲ್ಲಿ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಒಪ್ಪಿಸಿತು. ಅಲ್ಲಿ ಗುಂಡು ಹಾರಿಸುವವರು ಪರವಾನಗಿಯ ಬಂದೂಕುಳ್ಳ ಊರಿನವರು. ಪ್ರವಾಸಿಗನೂ ಇಲ್ಲ, ಅವನಿಗೆ ದಾರಿ ತೋರುವವನೂ ಇಲ್ಲ. ಅದೊಂದು ಅನಿವಾರ್ಯ. ಅನಿವಾರ್ಯವನ್ನು ಯಾರೂ ಶುಲ್ಕ ಕೊಟ್ಟು ಕಲಿಯುವುದಿಲ್ಲ. ಅನುಮತಿಯಿಲ್ಲದೆ ನಡೆಯುವುದರ ಬಗೆಗೆ ಹೇಳುವುದೇ ಬೇಡ. ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಗೆ ಹಸು ಬಾಯಿ ಹಾಕುತ್ತದೆ, ಹಂದಿಗೆಂದು ಕಟ್ಟಿದ ಉರುಳಿನಲ್ಲಿ ಚಿರತೆ ಸೊಂಟ ಸಿಕ್ಕಿಸಿಕೊಂಡು ಒದ್ದಾಡುತ್ತದೆ. 2020ರಲ್ಲಿ ಪಾಲಕ್ಕಾಡಿನ ಬಳಿ ಬಾಯಿಯೊಳಗೆ ಸಿಡಿಮದ್ದು ಸಿಡಿದ ಗರ್ಭಿಣಿ ಆನೆ ಹೊಳೆಯಲ್ಲಿ ನಿಂತೇ ಸತ್ತ ಚಿತ್ರವನ್ನು ನೋಡದವರು ಕಡಿಮೆ.

ಆಫ್ರಿಕಕ್ಕೆ ಹೋಗಿ ಕಲಿಯುತ್ತೇನೆ ಎಂಬ ಹುಡುಗರೂ ಇರಬಹುದು. ದಕ್ಷಿಣ ಆಫ್ರಿಕ, ನಮೀಬಿಯಗಳಲ್ಲಿ ಬೇಟೆ ಕಾನೂನು ಒಪ್ಪಿದ ಉದ್ಯಮ. ಪರೀಕ್ಷೆಯೂ ಪರವಾನಗಿಯೂ ಇವೆ. ಆದರೆ ಕೀನ್ಯಾ ದೇಶ 1977ರಲ್ಲಿ ಒಂದೇ ಆಜ್ಞೆಯಿಂದ ಬೇಟೆಯನ್ನು ನಿಲ್ಲಿಸಿತು. ಬೋಟ್ಸ್ವಾನ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು. ಅಲ್ಲಿಯ ಕಾಡಿನಲ್ಲಿ ಹುಟ್ಟಿ ಬೆಳೆದವರಿಗೇ ನಾಳೆಯ ಭರವಸೆ ಇಲ್ಲದಿರುವಾಗ, ಶ್ರೀನಿವಾಸಪುರದ ಹುಡುಗನನ್ನು ಕಾದು ಕುಳಿತಿರುವವರು ಯಾರು?

ದಾರಿ ತೋರಿದವನಿಗೆ ಕೊನೆಗೆ ದಕ್ಕಿದ್ದೇನು ಎಂಬ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ನೋಡಬೇಕು. ಬೇಟೆಯ ವೈಭವವನ್ನು ಹೊಗಳುವವರು ಅದನ್ನು ಹೇಳುವುದೇ ಇಲ್ಲ.

ಕನ್ನಡ ನಾಡಿನಲ್ಲಿ ಬೇಟೆ ಅರಸರ ವಿನೋದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾ ವಿನೋದಕ್ಕೆಂದೇ ವಿಸ್ತಾರವಾದ ಭಾಗವಿದೆ. ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ತರುವಾಯ, ಸೌದೆ ಹೊತ್ತವನೂ ದನ ಕಾಯ್ದವನೂ ತಮ್ಮ ಹೆಸರಿನಲ್ಲಿಯೇ ಮಾತನಾಡಿದರು. ಅರಸನ ಗ್ರಂಥದಲ್ಲಿ ಬೇಟೆಯ ವಿಧಾನಗಳುಂಟು. ಮೃಗವನ್ನು ಸೋವಿ ತಂದವನ ಹೆಸರು ಯಾವ ಅರಸನ ಬೇಟೆಯ ಕಥೆಯಲ್ಲಿ ಉಳಿದಿದೆ?

ಮೈಸೂರು ಸೀಮೆಯ ಖೆಡ್ಡಾವನ್ನು ನೋಡಬಹುದು. ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಅದನ್ನು ಇಲ್ಲಿ ಊರಿದನು. ಆಮೇಲೆ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ವೈಸರಾಯರು, ರಾಜಕುಮಾರರು ಬಂದು ಕುಳಿತು ನೋಡಿದರು. ಕೊನೆಯದು 1971ರಲ್ಲಿ ನಡೆಯಿತು. ಆನೆಗಳು ಎಲ್ಲಿವೆ, ಎಷ್ಟಿವೆ, ಯಾವ ರಾತ್ರಿ ಯಾವ ಕಣಿವೆಗೆ ಇಳಿಯುತ್ತವೆ ಎಂದು ಅರಿತು ಹೇಳುತ್ತಿದ್ದವರು ಜೇನುಕುರುಬರು, ಬೆಟ್ಟಕುರುಬರು. ಅವರಿಲ್ಲದೆ ಒಂದು ಮರಿಯಾನೆಯೂ ಸಿಗುತ್ತಿರಲಿಲ್ಲ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು ಆ ಕಾಡು ನೀರಿನಡಿ ಹೋಯಿತು, ಅಭಯಾರಣ್ಯಗಳ ಗಡಿ ಬಿಗಿಯಾಯಿತು, ಅದೇ ಕುರುಬರನ್ನು ಕಾಡಿನಿಂದ ಎಬ್ಬಿಸಿ ಹೊರಗೆ ಕೂರಿಸಲಾಯಿತು. ಖೆಡ್ಡಾದ ಛಾಯಾಚಿತ್ರಗಳಲ್ಲಿ ಅತಿಥಿಗಳ ಹೆಸರುಗಳಿವೆ. ಆನೆಯ ಪಕ್ಕದಲ್ಲಿ ಬರಿಗಾಲಿನಲ್ಲಿ ನಿಂತವನ ಹೆಸರಿಲ್ಲ.

ಕೋಲಾರದ ನೆರೆಯಲ್ಲಿಯೇ ಇನ್ನೊಂದು ನಿದರ್ಶನ ಉಂಟು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬೇಟೆಯಾಡಿದ ಜವಳಗಿರಿ, ಅಂಚೆಟ್ಟಿಯ ಕಾಡುಗಳು ಮಾಲೂರಿನ ದಕ್ಷಿಣಕ್ಕೆ, ಹೊಸೂರಿನ ಆಚೆಗೆ ಇವೆ. ಪೂರ್ಣಚಂದ್ರ ತೇಜಸ್ವಿಯವರು ಆ ಕಥೆಗಳನ್ನು ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಅವನ್ನು ಓದದ ಹುಡುಗರು ಕಡಿಮೆ. ಅಲ್ಲಿ ಬೈರನೆಂಬ ಪೂಜಾರಿ ಕುಲದ ಬಡವನಿದ್ದಾನೆ. ಹೆಜ್ಜೆ ಓದುವುದರಲ್ಲಿ ಆಂಡರ್ಸನ್ನನಿಗೇ ಗುರುವಾಗಬಲ್ಲವನು. ಮಾಗಡಿ ಚಿರತೆಯ ಕಥೆಯಲ್ಲಿ ಮುನಿಶಾಮಿಯೂ ಇದ್ದಾನೆ, ಬೇಟೆಯ ಗೀಳಿನ ಸಾಹೇಬರನ್ನು ಸುಳ್ಳು ಹೇಳಿ ಕಾಡಿಗೆ ಕರೆದೊಯ್ದು ಕಾಸು ಕೀಳುವ ದಾರಿತೋರುಗ. ಓದುಗರು ಮುನಿಶಾಮಿಯನ್ನು ನೆನೆದು ನಗುತ್ತಾರೆ. ನಗಬೇಕಾದದ್ದೇ, ಆದರೆ ಬೈರನಂಥ ವಿದ್ಯಾವಂತ ಗುಂಡಿಯಲ್ಲಿ ಕುಳಿತು ಮೃಗ ಕಾಯುವ ಬಡತನದಲ್ಲಿಯೂ, ಮುನಿಶಾಮಿಯಂಥವನು ಪಟ್ಟಣದಲ್ಲಿ ಸುಳ್ಳು ಮಾರಿಯೂ ಬದುಕಬೇಕಾದ ವೃತ್ತಿ ಎಂಥದೆಂಬುದನ್ನೂ ಆ ನಗುವಿನ ನಡುವೆ ಒಮ್ಮೆ ಯೋಚಿಸಬೇಕು. ಇಂದು ತರಬೇತಿಯ ಹೆಸರಿನಲ್ಲಿ ಪ್ರಮಾಣಪತ್ರ ಮಾರುವವರಲ್ಲಿ ಬೈರರು ಎಷ್ಟು, ಮುನಿಶಾಮಿಗಳು ಎಷ್ಟು?

ತೇಜಸ್ವಿಯವರದೇ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಬಂದಿತು. ಅದರಲ್ಲಿ ಅಪಾರವಾಗಿ ಓದಿದ ವಿಜ್ಞಾನಿ ಊರವರೆಲ್ಲ ಅಪ್ರಯೋಜಕನೆಂದು ಕೈಬಿಟ್ಟ ಮಂದಣ್ಣನನ್ನು ನಂಬಿ ಕಾಡಿಗೆ ನಡೆಯುತ್ತಾನೆ. ಮಂದಣ್ಣನ ಬಳಿ ಯಾವ ಪ್ರಮಾಣಪತ್ರವೂ ಇಲ್ಲ. ಕಾಡಿನ ವಿದ್ಯೆ ಎಲ್ಲಿ ಇರುತ್ತದೆ, ಯಾರಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಕನ್ನಡದಲ್ಲಿ ಸಿಗದು.

ಬೇಟೆ ಬಿಟ್ಟು, ಪ್ರವಾಸಿಗರಿಗೆ ಪ್ರಾಣಿ ತೋರಿಸುವ ಮಾರ್ಗದರ್ಶಿಯಾದರೆ ಆಗದೇ ಎಂಬ ಪ್ರಶ್ನೆಗೆ ಗೌರವದಿಂದಲೇ ಉತ್ತರ ಕೊಡಬೇಕು. 1980ರಲ್ಲಿ ಸ್ಥಾಪನೆಯಾದ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಬಿನಿಯಲ್ಲಿ ಈ ವೃತ್ತಿಗೆ ಒಂದು ಮರ್ಯಾದೆ ತಂದಿತು. ಅಲ್ಲಿ ದಶಕಗಳ ಕಾಲ ಇದ್ದು 2010ರಲ್ಲಿ ತೀರಿಕೊಂಡ ಕರ್ನಲ್ ಜಾನ್ ವೇಕ್‌ಫೀಲ್ಡ್ ಎಳವೆಯಲ್ಲಿ ಬಂದೂಕು ಹಿಡಿದವರೇ. ಮುದಿತನದಲ್ಲಿ ಅದೇ ಕಣ್ಣನ್ನು ಕಾಡು ಉಳಿಸಲು ಬಳಸಿದರು. ಹುಲಿಯನ್ನು ಕೊಂದು ತೋರಿಸುವುದಕ್ಕಿಂತ ಬದುಕಿರುವಾಗಲೇ ತೋರಿಸುವುದು ಮೇಲೆಂಬುದರಲ್ಲಿ ವಾದವಿಲ್ಲ.

ಆದರೆ ಕೋಲಾರದ ತಂದೆಯೊಬ್ಬರು ಇದರ ಲೆಕ್ಕವನ್ನೂ ಕೇಳಬೇಕು. ರಾಜ್ಯದ ಐದು ಹುಲಿ ಮೀಸಲು ಪ್ರದೇಶಗಳಲ್ಲಿ ಒಂದೂ ಕೋಲಾರ ಜಿಲ್ಲೆಯಲ್ಲಿಲ್ಲ. ಹುಡುಗ ಮನೆ ಬಿಟ್ಟು ಬಂಡೀಪುರಕ್ಕೋ ದಾಂಡೇಲಿಗೋ ಹೋಗಬೇಕು. ಅಲ್ಲಿ ಆ ಕಾಡಿನ ಅಂಚಿನಲ್ಲೇ ಹುಟ್ಟಿದವರಿಗೆ ಮೊದಲ ಹಕ್ಕು, ಅದು ನ್ಯಾಯವೂ ಹೌದು. ಕೆಲಸವೋ ಒಂದು ಆದೇಶದ ಮೇಲೆ ನಿಂತದ್ದು. 2020ರಲ್ಲಿ ಕೊರೊನಾ ಬಂದಾಗ ಸಫಾರಿ ನಿಂತಿತು. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ರೈತರ ಸಿಟ್ಟು ಸಹಜವಾದದ್ದು, ಆದೇಶವೂ ತಪ್ಪಲ್ಲ; ಆದರೆ ಅಂದು ಸಂಜೆ ಜೀಪಿನಿಂದಿಳಿದು ಮನೆಗೆ ನಡೆದ ಮಾರ್ಗದರ್ಶಿಗೆ ಮರುದಿನದ ಅನ್ನ ಎಲ್ಲಿಂದ? ಕೆಲವು ದಿನಗಳ ಶಿಬಿರ ಮುಗಿಸಿ ಪತ್ರ ಕೈಗಿಡುವ ತರಬೇತಿಗಳು ಈ ಮಾತನ್ನು ಮೊದಲ ದಿನವೇ ಹೇಳುವುದಿಲ್ಲ.

ಹಾಗಾದರೆ ಆ ಕಾಡಿನ ಹುಚ್ಚಿನ ಹುಡುಗ ಏನು ಮಾಡಬೇಕು? ಅವನ ಊರಿನ ಗಡಿಯಲ್ಲಿಯೇ ಒಂದು ದಾರಿಯಿದೆ.

ಜವಳಗಿರಿಯ ಕಾಡಿನಿಂದ ಆನೆಗಳ ಹಿಂಡು ಸಾನಮಾವು ಅರಣ್ಯದ ಮೂಲಕ ಹೊಸೂರಿನ ಬದಿಗೆ ಬಂದು ಮಾಲೂರು ತಾಲ್ಲೂಕಿನ ಗಡಿ ದಾಟುವುದು ಅಲ್ಲಿಯ ರೈತರಿಗೆ ಹೊಸ ಸುದ್ದಿಯಲ್ಲ. ಬಂಗಾರಪೇಟೆಯ ಕಾಮಸಮುದ್ರದ ಕಡೆಗೂ ಅವು ಬರುತ್ತವೆ. ಪೂರ್ವಕ್ಕೆ ಆಂಧ್ರದ ಪಲಮನೇರು, ಕುಪ್ಪಂ ನಡುವಣ ಕೌಂಡಿನ್ಯ ಅಭಯಾರಣ್ಯವಿದೆ. 1980ರ ದಶಕದಲ್ಲಿ ಇದೇ ಹೊಸೂರಿನ ಕಾಡುಗಳಿಂದ ವಲಸೆ ಹೋದ ಆನೆಗಳಿಗಾಗಿ 1990ರಲ್ಲಿ ಘೋಷಿತವಾದ ಅಭಯಾರಣ್ಯವದು. ಮುಳಬಾಗಿಲಿನ ಗಡಿಹಳ್ಳಿಗಳಿಗೆ ಅಲ್ಲಿಂದ ಭಯ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಕೊಡಗು, ಹಾಸನಗಳ ಆನೆಯ ಸಂಕಟ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಮಾಲೂರಿನದು ಒಳಪುಟದ ಮೂಲೆಯಲ್ಲಿ ಬಂದರೆ ಬಂತು.

ರಾಗಿ ತೆನೆ ಹಾಲುಗಟ್ಟಿದ ಮೇಲೆ ಹೊಲ ಕಾಯುವವನಿಗೆ ರಾತ್ರಿ ನಿದ್ದೆಯಿಲ್ಲ. ಹಿಂಡು ಎಲ್ಲಿದೆಯೆಂದು ತಿಳಿಯದೆ ಕತ್ತಲಲ್ಲಿ ಎದುರಾಗುವುದರಿಂದಲೇ ಸಾವು ಸಂಭವಿಸುವುದು. ತಿಳಿದಿದ್ದರೆ ಬಹುಪಾಲು ತಪ್ಪಿಸಬಹುದಾದ ಸಾವು ಅದು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಹಿಂಡು ಎಲ್ಲಿದೆಯೆಂಬುದನ್ನು ಸಂಜೆಯೇ ಮೊಬೈಲ್ ಸಂದೇಶದಿಂದಲೂ, ಸ್ಥಳೀಯ ಟಿವಿಯ ಅಡಿಬರಹದಿಂದಲೂ, ದಾರಿಯಲ್ಲಿ ಹೊತ್ತಿಸುವ ಕೆಂಪು ದೀಪದಿಂದಲೂ ತಿಳಿಸುವ ಏರ್ಪಾಡಾದ ಮೇಲೆ ಅಲ್ಲಿಯ ಸಾವುಗಳು ಇಳಿದವು. ಆ ಸಂದೇಶದ ಮೂಲದಲ್ಲಿ ಯಂತ್ರವಿಲ್ಲ. ಹಗಲೆಲ್ಲ ಹಿಂಡಿನ ಹೆಜ್ಜೆ ಹಿಡಿದು ನಡೆದ ಮನುಷ್ಯನಿದ್ದಾನೆ.

ಬೇಟೆಯ ಮಾರ್ಗದರ್ಶಿ ಕಲಿಯುತ್ತಿದ್ದದ್ದೂ ಇದನ್ನೇ. ಲದ್ದಿಯ ಬಿಸಿ ಮುಟ್ಟಿ ಹಿಂಡು ಹೋಗಿ ಎಷ್ಟು ಹೊತ್ತಾಯಿತೆಂದು ತಿಳಿಯುವುದು. ಚಿಟಿಕೆ ಮಣ್ಣು ತೂರಿ ಗಾಳಿಯ ದಿಕ್ಕು ಹಿಡಿಯುವುದು. ಮುರಿದ ಕೊಂಬೆಯ ತೊಗಟೆ ಹಸಿಯೋ ಒಣಗಿತೋ ನೋಡುವುದು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಹಗ್ಗದಿಂದ ಅಳೆದು ಎರಡರಿಂದ ಗುಣಿಸಿದರೆ ಆನೆಯ ಹೆಗಲೆತ್ತರ ಹೆಚ್ಚುಕಡಿಮೆ ಸಿಗುತ್ತದೆ. ಒಂಟಿ ಗಂಡಾನೆಯೋ, ಮರಿಗಳಿರುವ ಹಿಂಡೋ ಎಂಬುದು ಅಲ್ಲಿಯೇ ಅರ್ಧ ತಿಳಿದಂತೆ. ಇದೇ ವಿದ್ಯೆ ಒಂದು ಕಾಲಕ್ಕೆ ಮೃಗವನ್ನು ಗುಂಡಿನ ಮುಂದೆ ತಂದು ನಿಲ್ಲಿಸಿತು. ಇಂದು ಮನುಷ್ಯನನ್ನೂ ಮೃಗವನ್ನೂ ಒಬ್ಬರ ದಾರಿಯಿಂದ ಇನ್ನೊಬ್ಬರನ್ನು ತಪ್ಪಿಸಬಲ್ಲದು. ಕಲಿಸಬಲ್ಲವರು ಶಿಬಿರದ ಗುಡಾರದಲ್ಲಿಲ್ಲ. ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರರಾಗಿ, ಕುರಿ ಮೇಯಿಸುವ ಹಿರಿಯರಾಗಿ ಆ ಹಳ್ಳಿಗಳಲ್ಲೇ ಇದ್ದಾರೆ, ಶುಲ್ಕವನ್ನೂ ಕೇಳುವುದಿಲ್ಲ.

ಇದು ಸುಲಭದ ಕೆಲಸವೆಂದು ಹೇಳಿದರೆ ಅದೂ ಜಾಹೀರಾತಿನ ಸುಳ್ಳೇ ಆದೀತು. 2023ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಅರಿವಳಿಕೆ ಹಾರಿಸಲು ಹೋದ ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಅನುಭವಿ ಅದೇ ಆನೆಯ ದಾಳಿಗೆ ಪ್ರಾಣ ಬಿಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತ ಅರ್ಜುನನೂ ಮಡಿಯಿತು. ಆನೆಗಾಗಿ ನಾಡು ಕಣ್ಣೀರಿಟ್ಟಿತು, ಸ್ಮಾರಕದ ಮಾತಾಯಿತು, ಅದು ಸರಿಯಾದದ್ದೇ. ದಿನಗೂಲಿಯಲ್ಲಿ ಹಿಂಡಿನ ಹಿಂದೆ ನಡೆಯುವ ಮನುಷ್ಯನ ವಿಮೆ, ಬೂಟು, ಟಾರ್ಚು, ಖಾಯಂ ನೌಕರಿಗಳ ಮಾತು ಅಷ್ಟೇ ಜೋರಾಗಿ ಯಾರ ಬಾಯಲ್ಲೂ ಬರಲಿಲ್ಲ. ಖೆಡ್ಡಾದ ಛಾಯಾಚಿತ್ರ ಇನ್ನೂ ಬದಲಾಗಿಲ್ಲ.

ತರಬೇತಿಗೆ ಹಣ ಹೂಡಬೇಕಾದವನು ಮಾವಿನ ತೋಟದ ತಂದೆಯಲ್ಲ, ಸರ್ಕಾರ. ಗಡಿಯ ಪ್ರತಿ ಪಂಚಾಯಿತಿಯಲ್ಲಿ ನಾಲ್ಕು ಜನ ಹುಡುಗರನ್ನು ಆರಿಸಿ, ಹಿರಿಯ ಕಾವಲುಗಾರರ ಜೊತೆ ಒಂದು ವರ್ಷ ನಡೆಸಿ, ತಿಂಗಳ ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಅಸಾಧ್ಯವಾದ ಖರ್ಚಲ್ಲ. ಕೇಳುವವರು ಬೇಕಷ್ಟೆ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪಗಳ ಪಟ್ಟಿಯ ಜೊತೆಗೆ ಈ ಬೇಡಿಕೆಯನ್ನೂ ಬರೆಸಲು ಸದ್ಭಕ್ತರಿಗೆ ಯಾವ ಅಡ್ಡಿಯೂ ಇಲ್ಲ. ಮಗನಿಗೆ ಬೇಟೆಯ ತರಬೇತಿಯ ಜಾಹೀರಾತು ಹಿಡಿದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಕಳೆದ ವರ್ಷ ಕಲಿತವರು ಈಗ ಎಲ್ಲಿ ಯಾವ ಸಂಬಳಕ್ಕೆ ದುಡಿಯುತ್ತಿದ್ದಾರೆಂದು ಕೇಳಲೂ ಅಡ್ಡಿಯಿಲ್ಲ. ಈ ವರ್ಷವೂ ರಾಗಿ ಬಲಿಯುವ ಹೊತ್ತಿಗೆ ಹಿಂಡು ಗಡಿ ದಾಟಿ ಬರುತ್ತದೆ. ಅಟ್ಟಣೆಯ ಮೇಲೆ ಕುಳಿತವನ ಕೈಯಲ್ಲಿ ಈಗಿರುವುದು ಒಂದು ತಗಡಿನ ಡಬ್ಬ, ಒಂದು ಕೋಲು, ಅರ್ಧ ಸವೆದ ಬ್ಯಾಟರಿ.